ತೋಟ ಮಾರಿ ವಿದೇಶಕ್ಕೆ ಹೊರಡುವ ಮುನ್ನ

ಮಾನ್ಯ ಸಂಪಾದಕರಿಗೆ,

2025ರ ಮಳೆಗಾಲದಲ್ಲಿ ನಮ್ಮ ಏಳು ಎಕರೆ ಕಾಫಿ ತೋಟದ ಪೈಕಿ ರಸ್ತೆಗೆ ತಾಗಿದ ಮೂರು ಎಕರೆಯನ್ನು ಮಾರುವ ಮಾತುಕತೆ ಮುಂಗಡ ಹಣ ಪಡೆಯುವವರೆಗೂ ಬಂದಿತ್ತು. ಕಿರಿಯ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ಕೆನಡಾದಲ್ಲಿ ನೆಲೆಸಲು ಅರ್ಜಿ ಹಾಕುವವರಿದ್ದರು. ಅಲ್ಲಿನ ಸರ್ಕಾರಕ್ಕೆ ತೋರಿಸಬೇಕಾದ ಹಣ ಕೈಯಲ್ಲಿರಲಿಲ್ಲ, ತೋಟವಿತ್ತು. ಕೊನೆಯ ಗಳಿಗೆಯಲ್ಲಿ ನಾವು ಹಿಂದೆ ಸರಿದೆವು. ಮೂವತ್ತು ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತು ವಿದೇಶಿ ವಿನಿಮಯದ ಸುತ್ತೋಲೆಗಳನ್ನು ಓದಿ ಫೈಲಿಗೆ ಹಾಕುತ್ತಿದ್ದ ನನ್ನ ಹಳೆಯ ಅಭ್ಯಾಸ ಆ ದಿನ ಉಪಯೋಗಕ್ಕೆ ಬಂತು. ಅಂಥ ಅಭ್ಯಾಸವಿಲ್ಲದ, ಕೇಳಲು ಯಾರೂ ಸಿಗದ ಮನೆಗಳು ನಮ್ಮ ಪೊನ್ನಂಪೇಟೆ ತಾಲ್ಲೂಕಿನಲ್ಲಿಯೇ ತೋಟ ಮಾರಿ ಹೊರಟದ್ದನ್ನು ನಾನು ಬಲ್ಲೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಊರು ಬಿಟ್ಟು ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. 2001ರ ಜನಗಣತಿಯಲ್ಲಿ 5,48,561 ಇದ್ದ ಕೊಡಗಿನ ಜನಸಂಖ್ಯೆ 2011ರಲ್ಲಿ 5,54,519 ಆಯಿತು. ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕಿಂತ ಹೆಚ್ಚು ಬೆಳೆದ ಅದೇ ದಶಕದಲ್ಲಿ ನಮ್ಮ ಜಿಲ್ಲೆಗೆ ಸೇರಿದವರು ಆರು ಸಾವಿರವೂ ಇಲ್ಲವೆಂದರೆ, ಸೈನ್ಯಕ್ಕೋ ಬೆಂಗಳೂರಿಗೋ ಹೊರಡುವುದು ನಮಗೆ ಎಷ್ಟು ಹಳೆಯ ರೂಢಿ ಎಂಬುದು ತಿಳಿಯುತ್ತದೆ. ಬೆಂಗಳೂರಿಗೆ ಹೋದವರು ಹುತ್ತರಿಗೆ ಬಂದು ಕದಿರು ತೆಗೆದು, ಗದ್ದೆಯ ಬದುವಿನಲ್ಲಿ ನಿಂತು ಅಣ್ಣತಮ್ಮಂದಿರೊಡನೆ ಜಗಳವಾಡಿ ಹೋಗಬಹುದು. ಜಮೀನಿನ ಕಾನೂನು ಅವರನ್ನು ಬೇರೆಯವರೆಂದು ಎಣಿಸುವುದಿಲ್ಲ. ದೇಶ ಬಿಟ್ಟು ನೆಲೆಸಲು ಹೋದವರ ವಿಷಯ ಹಾಗಿಲ್ಲ.

ಮೊದಲು ಹಣದ ಮಾತು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ 2015ರ ಜನವರಿಯಲ್ಲಿ ಆರಂಭವಾಯಿತು. ವಯಸ್ಸು, ವಿದ್ಯೆ, ಕೆಲಸದ ಅನುಭವ ಮತ್ತು ಭಾಷಾ ಪರೀಕ್ಷೆಗೆ ಅಂಕ ಕೊಟ್ಟು, ಹೆಚ್ಚು ಅಂಕ ಪಡೆದವರನ್ನು ಮಾತ್ರ ಕರೆಯುವ ವ್ಯವಸ್ಥೆ ಅದು. ಅಲ್ಲಿ ಉದ್ಯೋಗವಿಲ್ಲದೆ ಹೊರಗಿನಿಂದ ಅರ್ಜಿ ಹಾಕುವ ನಾಲ್ವರ ಕುಟುಂಬ, 2025ರ ಲೆಕ್ಕದಲ್ಲಿ, ಸುಮಾರು 28,000 ಕೆನಡಾ ಡಾಲರ್, ಅಂದರೆ ನಮ್ಮ ಹಣದಲ್ಲಿ ಹದಿನೇಳು ಹದಿನೆಂಟು ಲಕ್ಷ ರೂಪಾಯಿ, ತನ್ನ ಬಳಿ ಇದೆ ಎಂದು ತೋರಿಸಬೇಕು. ಈ ಮೊತ್ತವನ್ನು ಅವರು ಕಾಲಕಾಲಕ್ಕೆ ಏರಿಸುತ್ತಲೂ ಇರುತ್ತಾರೆ. ಆ ಹಣ ಸಾಲ ತಂದದ್ದಾಗಿರಬಾರದು, ಬ್ಯಾಂಕಿನ ಪತ್ರದಲ್ಲಿ ಹಿಂದಿನ ಆರು ತಿಂಗಳ ಸರಾಸರಿ ಬಾಕಿಯೂ ಕಾಣಬೇಕು. ಇನ್ನು ಸ್ಥಿರಾಸ್ತಿಯ ಬೆಲೆಯನ್ನು ಈ ಲೆಕ್ಕಕ್ಕೆ ಅವರು ಹಿಡಿಯುವುದೇ ಇಲ್ಲ. ಕೋಟಿ ಬೆಲೆಯ ತೋಟವಿದ್ದರೂ ಅವರ ಕಣ್ಣಿಗೆ ಆ ಕುಟುಂಬ ಬರಿಗೈ. ಆಸ್ತಿ ಮಣ್ಣಿನಲ್ಲಿಯೂ ಸಾಲ ಸಹಕಾರ ಸಂಘದಲ್ಲಿಯೂ ಇರುವ ನಮ್ಮಂಥವರಿಗೆ ಈ ಒಂದು ನಿಯಮದಿಂದಲೇ ತೋಟ ಮಾರುವ ಯೋಚನೆ ಹುಟ್ಟುತ್ತದೆ. ಕಾಫಿಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಕೊಳ್ಳುವವರೂ ಬಾಗಿಲಲ್ಲೇ ಇರುತ್ತಾರೆ.

ಇಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಮಾರಿದ್ದನ್ನು ಮುಂದೆ ಕೈಯಲ್ಲಿ ಹಣವಾದಾಗ ತಿರುಗಿ ಕೊಳ್ಳಬಹುದೇ? ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಬ್ಯಾಂಕಿನವರು ಫೆಮಾ ಎನ್ನುವ 1999ರ ಕಾನೂನು ಮತ್ತು ಅದರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ನಮ್ಮ ದೇಶದಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್ ಮತ್ತು ತೋಟದ ಮನೆ ಕೊಳ್ಳುವಂತಿಲ್ಲ. ಉದ್ಯೋಗಕ್ಕಾಗಿ ಅಥವಾ ನೆಲೆಸುವ ಉದ್ದೇಶದಿಂದ ಹೊರಟವರು ವಿಮಾನ ಹತ್ತಿದಲ್ಲಿಂದಲೇ ಈ ಕಾನೂನಿಗೆ ಅನಿವಾಸಿಗಳು. ಭಾರತದ ಪೌರತ್ವ ಉಳಿಸಿಕೊಂಡು ಖಾಯಂ ಆಗಿ ಮರಳಿ ಬಂದರೆ ಮತ್ತೆ ಕೊಳ್ಳುವ ಹಕ್ಕು ಬರುತ್ತದೆ. ಆದರೆ ನಮ್ಮ ಸಂವಿಧಾನ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಲ್ಲಿನ ಪೌರತ್ವ ಪಡೆದ ದಿನ ಇಲ್ಲಿನದು ಹೋಗುತ್ತದೆ, ಅದರ ಬದಲಿಗೆ ಸಿಗುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದವರಿಗೂ ತೋಟ ಕೊಳ್ಳುವ ಅವಕಾಶವಿಲ್ಲ. ಹೀಗಾಗಿ ಇಂದು ಮಾರಿದ ಮೂರು ಎಕರೆಯನ್ನು ನನ್ನ ಮಗ ಅಲ್ಲಿ ನೆಲೆಸಿರುವವರೆಗೆ, ಹದಿನೈದು ವರ್ಷ ದುಡಿದು ಎಷ್ಟೇ ಡಾಲರ್ ತಂದರೂ ತನ್ನ ಹೆಸರಿಗೆ ಬರೆಸಿಕೊಳ್ಳಲಾರ.

ಇದೇ ಕಾನೂನು ಹೊರಡುವ ಮೊದಲು ಹೆಸರಿಗೆ ಬಂದ ಜಮೀನನ್ನು ಹಾಗೆಯೇ ಉಳಿಸಿಕೊಳ್ಳಲು ಬಿಡುತ್ತದೆ. ತಂದೆ ತಾಯಿಯಿಂದ ವಾರಸುದಾರಿಕೆಯಲ್ಲಿ ಬರುವುದಕ್ಕೂ ಅಡ್ಡಿಯಿಲ್ಲ. ಆದರೆ ಮಗ ಅನಿವಾಸಿಯಾದ ಮೇಲೆ ತಂದೆ ಬದುಕಿರುವಾಗಲೇ ದಾನಪತ್ರ ಮಾಡಿ ತೋಟವನ್ನು ಅವನಿಗೆ ಕೊಡಲು ಬರುವುದಿಲ್ಲ. ಹೋಗಿ ನೆಲೆ ಕಂಡ ಮೇಲೆ ಬರೆದುಕೊಟ್ಟರಾಯಿತು ಎಂದು ಹಿರಿಯರು ಹೇಳುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಕೊಡುವುದಿದ್ದರೆ ಮಕ್ಕಳು ಇಲ್ಲಿರುವಾಗಲೇ ಕೊಡಬೇಕು, ಇಲ್ಲವಾದರೆ ಉಯಿಲು ಬರೆದಿಡಬೇಕು.

ಮೂರು ಎಕರೆ ಮಾರುವ ಸಲಹೆ ಕೊಟ್ಟವರು ಮೈಸೂರಿನ ಒಬ್ಬ ವೀಸಾ ಏಜೆಂಟರು. ಕೆನಡಾದ ಕಂಪನಿಯೊಂದರಿಂದ ಉದ್ಯೋಗದ ಪತ್ರ ತರಿಸಿಕೊಡುತ್ತೇವೆ, ಅದಕ್ಕೆ ಐವತ್ತು ಅಂಕ ಸಿಗುತ್ತದೆ, ಪತ್ರದ ಬೆಲೆ ಇಷ್ಟು ಲಕ್ಷ ಎಂದು ಅವರು ಜುಲೈ ತಿಂಗಳಲ್ಲಿ ನಮ್ಮ ಮುಂದೆ ಕುಳಿತು ಹೇಳಿದರು. ಉದ್ಯೋಗದ ಪತ್ರಕ್ಕೆ ಅಂಕ ಕೊಡುವುದನ್ನು ಕೆನಡಾ ಅದೇ ವರ್ಷ ಮಾರ್ಚ್ 25ರಂದು ನಿಲ್ಲಿಸಿಯಾಗಿತ್ತು. ಇಂಥ ಪತ್ರಗಳ ವ್ಯಾಪಾರ ಹೆಚ್ಚಾದದ್ದೇ ಅದಕ್ಕೆ ಕಾರಣ. ಹಣ ಪಡೆದು ಕೆನಡಾದ ಅರ್ಜಿಗಳನ್ನು ನಡೆಸಿಕೊಡುವ ಸಲಹೆಗಾರರು ಅಲ್ಲಿನ ವಕೀಲರಾಗಿರದಿದ್ದರೆ ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಸದಸ್ಯರಾಗಿರಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿಯೇ ನೋಡಬಹುದು, ಮಗ ಐದು ನಿಮಿಷದಲ್ಲಿ ನೋಡಿದ. ನಮ್ಮ ಏಜೆಂಟರ ಹೆಸರು ಅದರಲ್ಲಿರಲಿಲ್ಲ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು ಇದೇ ರೀತಿ ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಏಜೆಂಟರ ನೋಂದಣಿಯನ್ನು ನೋಡಿಕೊಳ್ಳಬೇಕು. ಅಂಥ ನೋಂದಾಯಿತ ಏಜೆಂಟರು ಕೆಲಸಗಾರರಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ.

ಕೊನೆಗೆ ನಾವು ಹಣ ಹೊಂದಿಸಿದ್ದು ಎರಡು ವರ್ಷದ ಕಾಳುಮೆಣಸು, ನನ್ನ ನಿವೃತ್ತಿಯ ಠೇವಣಿ ಮತ್ತು ಮಗನ ಭವಿಷ್ಯನಿಧಿಯಿಂದ. ನನ್ನ ಪಾಲಿನ ಹಣವನ್ನು ಸಾಲವೆಂದು ಕೊಡದೆ, ಹಿಂದಿರುಗಿಸಬೇಕಾಗಿಲ್ಲವೆಂದು ಬರೆದ ದಾನಪತ್ರದೊಂದಿಗೆ ಅವನ ಖಾತೆಗೆ ಹಾಕಿದೆ. ಇದರಿಂದ ಹೊರಡುವುದು ಒಂದು ವರ್ಷ ತಡವಾಯಿತು. ತಡವಾದದ್ದಕ್ಕೂ ಬೆಲೆಯಿದೆ: ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 29 ದಾಟಿದ ಮೇಲೆ ವಯಸ್ಸಿನ ಅಂಕ ವರ್ಷಕ್ಕೆ ಐದರಂತೆಯೂ ನಲವತ್ತರ ನಂತರ ಹತ್ತರಂತೆಯೂ ಇಳಿದು 45ಕ್ಕೆ ಸೊನ್ನೆಯಾಗುತ್ತದೆ. ಮಗನ ಹುಟ್ಟುಹಬ್ಬಕ್ಕೆ ಮನೆಯವರೆಲ್ಲರೂ ಹೆದರಿದ್ದು ಅದೇ ಮೊದಲು.

ಜಮೀನಿನ ಕಾಗದಗಳ ಮಾತಿಗೆ ಬಂದರೆ ಕೊಡಗಿನ ಕಷ್ಟ ಬೇರೆ ಜಿಲ್ಲೆಯವರಿಗೆ ಅರ್ಥವಾಗುವುದು ಸುಲಭವಲ್ಲ. ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಅನುಭವಿಸುತ್ತ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಪಟ್ಟೆದಾರರ ಹೆಸರಿನ ಹಿಂದೆ ಇಡೀ ಕುಟುಂಬ ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಪಾಲು ಆಗಿರುವುದು ಬಾಯಿಮಾತಿನಲ್ಲಿ, ಬೇಲಿ ಮತ್ತು ಸಿಲ್ವರ್ ಮರದ ಸಾಲಿನ ಗುರುತಿನಲ್ಲಿ. ತೀರಿಕೊಂಡು ನಲವತ್ತು ವರ್ಷವಾದ ದೊಡ್ಡಪ್ಪನ ಹೆಸರು ನಮ್ಮ ಪಹಣಿಯಲ್ಲಿ ಮೊನ್ನೆಯವರೆಗೂ ಇತ್ತು. ಎಲ್ಲರೂ ಊರಿನಲ್ಲಿರುವಾಗ ಇದು ತೊಂದರೆ ಕೊಡುವುದಿಲ್ಲ. ಒಬ್ಬರು ಹೊರದೇಶಕ್ಕೆ ಹೋದ ಮೇಲೆ ಪ್ರತಿಯೊಂದು ಸಹಿಗೂ ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೋ ನೋಟರಿಯ ಬಳಿಗೋ ಹೋಗಿ ಅಧಿಕಾರಪತ್ರ ದೃಢೀಕರಿಸಿ ಕಳುಹಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪೌತಿ ಖಾತೆ, ಸರ್ವೆ, ವಿಭಾಗ ಪತ್ರದ ನೋಂದಣಿ ಇವುಗಳಿಗೆ ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ವೀಸಾದ ಅರ್ಜಿಗೆ ಅಷ್ಟು ದಿನ ಬೇಕಾಗಲಿಲ್ಲ. ಆದ್ದರಿಂದ ಕುಟುಂಬ ಸಮೇತ ಹೊರಡಬೇಕೆಂದು ತೀರ್ಮಾನಿಸಿದವರು ಮೊದಲ ಅರ್ಜಿಯನ್ನು ತಾಲ್ಲೂಕು ಕಚೇರಿಗೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿನ ತೊಡಕು ಇದಕ್ಕೆ ಹೊಂದಿಕೊಂಡದ್ದು. ನಮ್ಮ ಮನೆತನದ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಇನಿಷಿಯಲ್ ಆಗಿ, ಪದವಿ ಪತ್ರದಲ್ಲಿ ಪೂರ್ತಿಯಾಗಿ, ಪಾಸ್‌ಪೋರ್ಟಿನಲ್ಲಿ ಬೇರೆ ಕಾಗುಣಿತದಲ್ಲಿ ಇರುತ್ತದೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ತವರಿನ ಮನೆತನದ ಹೆಸರೊಂದು, ಗಂಡನ ಮನೆಯದೊಂದು. ಸೊಸೆಯ ಮೂರು ದಾಖಲೆಗಳಲ್ಲಿ ಮೂರು ಹೆಸರಿದ್ದು, ಒಬ್ಬಳೇ ಹುಡುಗಿ ಎಂದು ಸಾಬೀತು ಮಾಡಲು ನಾಲ್ಕು ತಿಂಗಳು ಬೇಕಾಯಿತು. ಅವಳು ನರ್ಸ್. ಕಾಯಂ ವಾಸದ ಅನುಮತಿ ಸಿಕ್ಕಿದರೂ ಅಲ್ಲಿನ ಆಯಾ ಪ್ರಾಂತ್ಯದ ನರ್ಸಿಂಗ್ ಸಂಸ್ಥೆಯ ಪರವಾನಗಿ ಬರುವವರೆಗೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲವೆಂಬುದನ್ನು ಏಜೆಂಟರು ಹೇಳಿರಲಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ, ಪದವಿಯ ಮೌಲ್ಯಮಾಪನ ವರದಿ ಐದು ವರ್ಷ. ಅವಸರದಲ್ಲಿ ಪರೀಕ್ಷೆಯನ್ನು ಮೊದಲೇ ಬರೆದಿಟ್ಟರೆ ಕಾಗದಗಳು ಸರಿಯಾಗುವ ಹೊತ್ತಿಗೆ ಅದರ ಅವಧಿ ತೀರಿರುತ್ತದೆ.

ಹೋದ ಮೇಲಿನ ಲೆಕ್ಕವನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಅನಿವಾಸಿಯಾದವರು ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹಳೆಯ ಖಾತೆಯನ್ನೇ ನಡೆಸುವವರು ಬಹಳ ಮಂದಿಯಿದ್ದಾರೆ, ನಾನು ಕೆಲಸದಲ್ಲಿದ್ದಾಗ ಕಂಡೂ ಕಾಣದಂತೆ ಇದ್ದದ್ದೂ ಉಂಟು. ಕೃಷಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲವೆಂಬುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಬೇರೆ ದೇಶದಲ್ಲಿ ಅದಕ್ಕೆ ತೆರಿಗೆ ಬೀಳಬಹುದೆಂಬುದು ಹೊಳೆಯುವುದೇ ಇಲ್ಲ. ಕೆನಡಾ, ಆಸ್ಟ್ರೇಲಿಯಾಗಳು ತಮ್ಮ ನಿವಾಸಿಗಳು ಜಗತ್ತಿನಲ್ಲಿ ಎಲ್ಲಿ ಗಳಿಸಿದರೂ ತೆರಿಗೆ ಕೇಳುತ್ತವೆ. ತನ್ನ ಪಾಲಿನ ತೋಟದ ಕಾಫಿ ಮಾರಿದ ಹಣವನ್ನು ಮಗ ಅಲ್ಲಿ ತೋರಿಸಬೇಕಾಗುತ್ತದೆ. ತೋಟ ಉಳಿಸಿಕೊಳ್ಳುವುದಕ್ಕೆ ಈ ಖರ್ಚೂ ಇದೆಯೆಂದು ತಿಳಿದೇ ಉಳಿಸಿಕೊಳ್ಳಬೇಕು. ತೋಟ ನೋಡುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಹಿರಿಯ ಮಗ ಕುಶಾಲನಗರದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದ ವರ್ಷ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಎಳೆಯುವ ರಾತ್ರಿಗಳಲ್ಲಿ ವಾರಕ್ಕೊಮ್ಮೆ ಬರುವವರಿಂದ ಏನಾದೀತು?

ಹಿಂದೆ ಉಳಿಯುವ ಹಿರಿಯರ ವಿಷಯದಲ್ಲಿ ಕನಸು ಕಟ್ಟಬಾರದು. ಒಂದೆರಡು ವರ್ಷದಲ್ಲಿ ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ ಎಂದು ಮಕ್ಕಳು ಹೇಳುವುದು ಪ್ರೀತಿಯಿಂದಲೇ. ಕೆನಡಾದಲ್ಲಿ ತಂದೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ಯೋಜನೆಗೆ 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ 2025ರವರೆಗೂ ಕರೆಯುತ್ತ ಬಂದಿದ್ದಾರೆ. ಸೂಪರ್ ವೀಸಾ ಎಂಬುದರಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು; ಎಪ್ಪತ್ತು ದಾಟಿ ಸಕ್ಕರೆ ಕಾಯಿಲೆಯೂ ಇರುವ ನನ್ನಂಥವನಿಗೆ ಅದರ ಕಂತು ಎಷ್ಟೆಂದು ಕೇಳಿ ನಾನೂ ನನ್ನ ಹೆಂಡತಿಯೂ ನಕ್ಕು ಸುಮ್ಮನಾದೆವು. ಮಗ ಹೊರಡುವ ಮೊದಲು ನಮ್ಮ ಆಸ್ಪತ್ರೆಯ ಖರ್ಚಿಗೆ ಬೇರೆ ಖಾತೆ, ಅದಕ್ಕೆ ಸಹಿ ಮಾಡುವ ಅಧಿಕಾರ ಹಿರಿಯವನಿಗೆ, ಇಷ್ಟನ್ನು ಕೂತು ಮಾತಾಡಿ ಬರೆದಿಟ್ಟುಕೊಂಡಿದ್ದೇವೆ. ಮಾತಾಡುವುದೇ ಬರೆಯುವುದಕ್ಕಿಂತ ಕಷ್ಟವಾಯಿತು.

ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತವನ್ನು ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಜಿಲ್ಲೆಯ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ, ಕ್ರಯಪತ್ರಕ್ಕೆ ಸಹಿ ಹಾಕಲು ಜನ ಸಾಲು ನಿಲ್ಲುವ ಜಾಗದಲ್ಲಿ, ಅನಿವಾಸಿಗಳಾದ ಮೇಲೆ ಕೃಷಿ ಜಮೀನು ಕೊಳ್ಳಲು ಮತ್ತು ದಾನವಾಗಿ ಪಡೆಯಲು ಬರುವುದಿಲ್ಲವೆಂಬ ಮೂರು ಸಾಲಿನ ಕನ್ನಡ ಫಲಕ ಹಾಕಿಸಲಿ. ಬೆಂಗಳೂರಿನಲ್ಲಿರುವ ರಾಜ್ಯದ ಅನಿವಾಸಿ ಭಾರತೀಯ ಸಮಿತಿಯವರು ತಿಂಗಳಿಗೊಂದು ದಿನ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಳಿತು, ಹೊರಡುವವರ ಪ್ರಶ್ನೆಗಳಿಗೆ ಉತ್ತರ ಕೊಡುವಂತೆ ಮಾಡಲಿ. ಅಂಥ ದಿನ ಗೊತ್ತಾದರೆ ಬ್ಯಾಂಕು ಮತ್ತು ಫೆಮಾಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ನಾನು ಸಂಭಾವನೆಯಿಲ್ಲದೆ ಬಂದು ಕೂರಲು ಸಿದ್ಧನಿದ್ದೇನೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಮಧ್ಯಾಹ್ನದ ಮೇಲೆ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಕಾಫಿ ಬೆಳೆಗಾರ,
ಪೊನ್ನಂಪೇಟೆ ತಾಲ್ಲೂಕು, ಕೊಡಗು