ಬೆಳಕು ಅಳೆಯುವ ಡಿಟೆಕ್ಟರಿನ ಪರಿಚಯವೂ ಪಠ್ಯಕ್ರಮಕ್ಕೆ ಸೇರಲಿ

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಪದವಿ ಕಾಲೇಜೊಂದರ ಭೌತಶಾಸ್ತ್ರ ಪ್ರಾಯೋಗಿಕ ಪರೀಕ್ಷೆಯಲ್ಲಿ, ಕೊರಟಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಮಾಲಸ್ ನಿಯಮದ (ಎರಡು ಪೋಲರಾಯ್ಡ್‌ಗಳನ್ನು ಹಾದ ಬೆಳಕು ಅವುಗಳ ನಡುವಿನ ಕೋನದ ಕೊಸೈನಿನ ವರ್ಗದಂತೆ ಇಳಿಯುತ್ತದೆ ಎಂಬ ನಿಯಮ) ಪ್ರಯೋಗ ಬಂದಿತ್ತು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರಾಯ್ಡ್‌ ಹಾಳೆಗಳನ್ನು ಹಾದು ಬಂದ ಲೇಸರ್ ಬೆಳಕನ್ನು ಆಂಪ್ಲಿಫೈಯರ್ ಸಹಿತ ಸಿಲಿಕಾನ್ ಡಿಟೆಕ್ಟರಿನ ಮೇಲೆ ಬೀಳಿಸಿ, ಒಂದು ಪೋಲರಾಯ್ಡನ್ನು ಐದೈದು ಡಿಗ್ರಿ ತಿರುಗಿಸುತ್ತ ಹೋದರೆ, ಮೀಟರು 45 ಡಿಗ್ರಿಯವರೆಗೂ 10 ವೋಲ್ಟ್ ಬಿಟ್ಟು ಕದಲಲಿಲ್ಲ, ಆಮೇಲಷ್ಟೇ ಇಳಿಯಿತು. ಕಂಡದ್ದನ್ನು ಕಂಡಂತೆ ಬರೆದ ಆಕೆಗೆ ಅಂಕ ಕಡಿತವಾಯಿತು. ಕೋಷ್ಟಕದಿಂದ ಲೆಕ್ಕ ಹಾಕಿ ರೀಡಿಂಗ್ ತುಂಬಿದವರಿಗೆ ಪೂರ್ಣ ಅಂಕ ದೊರೆಯಿತು. ಅಲ್ಲಿದ್ದ ಉಪನ್ಯಾಸಕಿಯಾದ ನನಗೆ ಆ ಸಂಕಟ ಇನ್ನೂ ಹೋಗಿಲ್ಲ.

ಆಕೆಯ ರೀಡಿಂಗ್ ತಪ್ಪಾಗಿರಲಿಲ್ಲ. ಹೀಲಿಯಂ-ನಿಯಾನ್ ಲೇಸರಿನ 632.8 ನ್ಯಾನೊಮೀಟರ್ ಕೆಂಪು ಬೆಳಕು ಒಂದು ಮಿಲಿವ್ಯಾಟ್ ಬಿದ್ದರೆ ಡಿಟೆಕ್ಟರಿನೊಳಗಿನ ಸಿಲಿಕಾನ್ ಫೋಟೊಡಯೋಡಿನಲ್ಲಿ ಸುಮಾರು 0.4 ಮಿಲಿಆಂಪಿಯರ್ ಕರೆಂಟ್ ಹುಟ್ಟುತ್ತದೆ. ಈ ಲೆಕ್ಕದಲ್ಲಿ 50 ಮೈಕ್ರೊವ್ಯಾಟ್ ಬೆಳಕಿಗೆ 20 ಮೈಕ್ರೊಆಂಪಿಯರ್. ಕರೆಂಟಿಗೆ ಎಷ್ಟು ವೋಲ್ಟೇಜ್ ಬರಬೇಕೆಂದು ನಿಗದಿಪಡಿಸುವ ಗೇನ್ ನಾಬ್ ಆಂಪಿಯರಿಗೆ 10 ಲಕ್ಷ ವೋಲ್ಟ್‌ನಲ್ಲಿದ್ದರೆ 20 ವೋಲ್ಟ್ ಬರಬೇಕು. ಆದರೆ 12 ವೋಲ್ಟ್ ಸರಬರಾಜಿನಿಂದ ನಡೆಯುವ ಆಂಪ್ಲಿಫೈಯರು 10 ವೋಲ್ಟ್ ಸುಮಾರಿಗೇ ಸ್ಯಾಚುರೇಟ್ ಆಗಿಬಿಡುತ್ತದೆ, ಅಂದರೆ ಬೆಳಕು ಎಷ್ಟೇ ಹೆಚ್ಚಿದರೂ ಅದಕ್ಕಿಂತ ಮೇಲೇರದು. ಬೆಳಕು ಅರ್ಧಕ್ಕೆ ಇಳಿಯುವುದು ಸರಿಯಾಗಿ 45 ಡಿಗ್ರಿಯಲ್ಲಿ. ಅಲ್ಲಿಯವರೆಗೆ ಮೀಟರು ಅಲುಗದಿದ್ದುದಕ್ಕೆ ಇದೇ ಕಾರಣ. ಗೇನನ್ನು ಹತ್ತನೇ ಒಂದಕ್ಕೆ ಇಳಿಸಿದ್ದರೆ ರೀಡಿಂಗ್ 2 ವೋಲ್ಟಿನಿಂದ ಶುರುವಾಗಿ ನಿಯಮದಂತೆಯೇ ಇಳಿಯುತ್ತಿತ್ತು.

ಒಂದೇ ಕಿರಿದಾದ ಸೀಳನ್ನು ಹಾದ ಬೆಳಕು ಹರಡಿ ಪಟ್ಟೆಗಳಾಗುವುದನ್ನು ಅಳೆಯುವ ಏಕಸೀಳು ವಿವರ್ತನೆಯ ಪ್ರಯೋಗದಲ್ಲಿಯೂ ಇದೇ ಅಪಾಯವಿದೆ. ಮಧ್ಯದ ಶಿಖರ ಸ್ಯಾಚುರೇಟ್ ಆದರೆ, ಅದರ ಶೇ 4.7ರಷ್ಟಿರಬೇಕಾದ ಪಕ್ಕದ ಶಿಖರ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸದಿದ್ದರೆ, ಸೆಕೆಂಡಿಗೆ 100 ಬಾರಿ ಏರಿಳಿಯುವ ಅದರ ಬೆಳಕೂ ರೀಡಿಂಗಿಗೆ ಬೆರೆಯುತ್ತದೆ.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ಬೆಳಕಿನ ಪ್ರಯೋಗಗಳಿಗೆ ಮೊದಲು ಒಂದು ಪ್ರಾಯೋಗಿಕ ತರಗತಿಯನ್ನು ಡಿಟೆಕ್ಟರಿಗೇ ಮೀಸಲಿಡಿ. ಲೇಸರ್ ಕಿರಣವನ್ನು ತಡೆದಾಗಲೂ ಬರುವ ರೀಡಿಂಗ್ ಬರೆದುಕೊಂಡು ಅದನ್ನು ಕಳೆಯುವುದು, ಬೆಳಕನ್ನು ಅರ್ಧಕ್ಕಿಳಿಸುವ ಫಿಲ್ಟರ್ ಇಟ್ಟಾಗ ವೋಲ್ಟೇಜೂ ಅರ್ಧವಾಗುತ್ತದೆಯೇ ಎಂದು ಪರೀಕ್ಷಿಸುವುದು, ಆಗದಿದ್ದರೆ ಗೇನ್ ಇಳಿಸುವುದು, ಇಷ್ಟನ್ನು ಮಕ್ಕಳು ತಮ್ಮ ಕೈಯಿಂದಲೇ ಮಾಡಲಿ. ರೆಕಾರ್ಡ್ ಪುಸ್ತಕದ ಪ್ರತಿ ಕೋಷ್ಟಕದ ಮೇಲೆ ಗೇನ್ ಎಷ್ಟಿತ್ತೆಂದು ನಮೂದಿಸುವುದು ಕಡ್ಡಾಯವಾಗಲಿ. ಪರೀಕ್ಷಕರು ಅಂಕ ಕಳೆಯುವ ಮುನ್ನ ಆ ನಾಬಿನತ್ತ ಒಮ್ಮೆ ನೋಡಲಿ.

– ಭೌತಶಾಸ್ತ್ರ ಉಪನ್ಯಾಸಕಿ, ತುಮಕೂರು