ಚಿನ್ನಿಯ ವಿಷಯವಾಗಿ ಅಪ್ಪಯ್ಯನಿಗೆ

ಬರ್ಲಿನ್
ಭಾನುವಾರ

ತೀರ್ಥರೂಪ ಅಪ್ಪಯ್ಯನಿಗೆ ವಿದ್ಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಜ್ಜಿಯ ಕಾಲುನೋವು ಹೇಗಿದೆ, ಅಡಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಿ ಆಯಿತಾ, ತಿಳಿಸಿ.

ಅಮ್ಮನ ಕಾಗದ ಮೊನ್ನೆ ತಲುಪಿತು. ನೀವು ರಾತ್ರಿ ಊಟಕ್ಕೆ ಏಳುತ್ತಿಲ್ಲ, ಬಿ.ಪಿ. ಮಾತ್ರೆ ಬಿಟ್ಟಿದ್ದೀರಿ, ತಂಗಿ ಚಿನ್ನಿಯ ಹತ್ತಿರ ಮಾತೇ ಇಲ್ಲ ಎಂದೆಲ್ಲ ಬರೆದಿದ್ದಾಳೆ. ಓದಿದಾಗಿನಿಂದ ನನಗೆ ಲ್ಯಾಬಿನಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಫೋನಿನಲ್ಲಿ ಈ ಮಾತು ತೆಗೆದರೆ "ತಡಿ, ಅಮ್ಮಂಗೆ ಕೊಡ್ತೆ" ಎಂದು ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಮಾತ್ರೆ ತೆಗೆದುಕೊಳ್ಳಿ, ಆಮೇಲೆ ಮುಂದಕ್ಕೆ ಓದಿ.

ಗಣಪಣ್ಣ ತಂದ ಡಲ್ಲಾಸ್ ಸಂಬಂಧ ಒಳ್ಳೆಯದೇ ಇರಬಹುದು. ಹುಡುಗನ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಚಿನ್ನಿ ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯ ಸಂದರ್ಶನಕ್ಕೆ ಹೋಗಿ ಬಂದು, ಸೀಟು ಸಿಕ್ಕಿದೆ ಎಂದು ಕುಣಿಯುತ್ತಿರುವ ಹೊತ್ತಿಗೇ ಆ ಕಡೆಯವರು "ಮದುವೆ ಈ ಮಾಘದಲ್ಲೇ ಆಗಬೇಕು, ನಾಟಕ ಗೀಟಕ ಇಲ್ಲಿಗೇ ನಿಲ್ಲಿಸಬೇಕು" ಎಂದದ್ದು, ನೀವು ಅದಕ್ಕೆ ಅರ್ಧ ಒಪ್ಪಿದ್ದು, ಇದು ನನಗೆ ಸರಿ ಕಾಣುವುದಿಲ್ಲ ಅಪ್ಪಯ್ಯ. ಅಮೆರಿಕದಲ್ಲೂ ಕನ್ನಡ ಕೂಟ ಇದೆ, ಯುಗಾದಿಗೆ ಒಂದು ನಾಟಕ ಮಾಡಿಕೊಂಡರಾಯಿತು ಎಂದು ಗಣಪಣ್ಣ ಹೇಳಿದನಂತೆ. ಅವನಿಗೆ ಬೇಸರವಾಗದ ಹಾಗೆ ನೀವೇ ತಿಳಿಸಿ ಹೇಳಬೇಕು. ವರ್ಷಕ್ಕೊಂದು ದಿನ ವೇಷ ಹಾಕುವುದಕ್ಕೂ ದಿನಾ ಬೆಳಿಗ್ಗೆ ಎದ್ದು ಅದನ್ನೇ ಕಲಿಯುವುದಕ್ಕೂ ಎಷ್ಟು ಅಂತರ ಎಂದು ನಲವತ್ತು ವರ್ಷ ಮೇಷ್ಟರಾಗಿದ್ದ ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿನ ಒಬ್ಬ ನಟಿಯ ವಿಷಯ ಬರೆಯುತ್ತೇನೆ. ಬೇಸರಿಸದೆ ಓದಿ. ಹೆಸರು ಹೆಲೆನೆ ವೈಗೆಲ್. ಬ್ರೆಕ್ಟ್ ನಿಮಗೆ ಗೊತ್ತು, ಕನ್ನಡದಲ್ಲಿ ಎಷ್ಟೋ ತಂಡಗಳು ಆಡಿರುವ ನಾಟಕಗಳನ್ನು ಬರೆದವನು. ಈಕೆ ಅವನ ಹೆಂಡತಿ. ಆದರೆ ಈ ಊರಲ್ಲಿ ಹಾಗೆ ಪರಿಚಯಿಸಿದರೆ ನಮ್ಮ ಮನೆ ಒಡತಿ ಅಜ್ಜಿ ಒಪ್ಪುವುದಿಲ್ಲ. ಅಜ್ಜಿ ಶಾಲೆಗೆ ಹೋಗುವಾಗಲೇ ವೈಗೆಲ್‌ಳನ್ನು ರಂಗದ ಮೇಲೆ ನೋಡಿದವಳು. ಶೇಕ್ಸ್‌ಪಿಯರನ ಕೊರಿಯೊಲೇನಸ್‌ನಲ್ಲಿ ತಾಯಿ ವೊಲಮ್ನಿಯಾಳ ಪಾತ್ರವಂತೆ. ಈಗಲೂ ಕಾಫಿ ಕುಡಿಯುತ್ತಾ ಅದನ್ನು ಹೇಳಲು ಹೊರಟರೆ ಎದ್ದು ನಿಂತು, ಆಕೆ ಹೇಗೆ ನಡೆದು ಬಂದಳು ಎಂದು ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ತೋರಿಸುತ್ತಾಳೆ.

ವೈಗೆಲ್ ಹುಟ್ಟಿದ್ದು 1900ರಲ್ಲಿ, ವಿಯೆನ್ನಾದ ಮಧ್ಯಮ ವರ್ಗದ ಯಹೂದಿ ಮನೆಯಲ್ಲಿ. ನಟಿಯಾಗುತ್ತೇನೆ ಎಂದಾಗ ಅಪ್ಪ ಅಮ್ಮ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಈಗ ನಡೆದಿರುವುದೇ ಅಲ್ಲೂ ನಡೆಯಿತು. ಹುಡುಗಿ ಬಿಡಲಿಲ್ಲ. ಅಲ್ಲಿನ ರಂಗ ನಿರ್ದೇಶಕರ ಮುಂದೆ ಅಭಿನಯಿಸಿ ತೋರಿಸಿದಳು. ಆ ಹೊತ್ತು ಅಲ್ಲಿ ಕುಳಿತಿದ್ದ ಡೆನ್ಮಾರ್ಕಿನ ಲೇಖಕಿ ಕರಿನ್ ಮಿಕೇಲಿಸ್ ಬೆರಗಾಗಿ ಅದರ ಬಗ್ಗೆ ಬರೆದಳು. ಮುಂದೆ 1933ರಲ್ಲಿ, ಹಿಟ್ಲರನ ಕಾಲಕ್ಕೆ, ಬರ್ಲಿನ್‌ನ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಗಂಡ ಹೆಂಡತಿ ದೇಶ ಬಿಟ್ಟು ಓಡಬೇಕಾಯಿತು. ಎರಡು ವರ್ಷದ ಮಗಳನ್ನು ಆಮೇಲೆ ಬೇರೆಯವರು ಗಡಿ ದಾಟಿಸಿ ತಂದುಕೊಟ್ಟರು. ಆಗ ಈ ಸಂಸಾರವನ್ನು ಡೆನ್ಮಾರ್ಕಿಗೆ ಕರೆಸಿಕೊಂಡು ನೆರಳು ಕೊಟ್ಟವಳು ಅದೇ ಕರಿನ್ ಮಿಕೇಲಿಸ್. ಹದಿನೇಳರ ಹುಡುಗಿಯ ಅಭಿನಯವನ್ನು ನೋಡಿ ಮೆಚ್ಚಿದ ಒಂದು ಸ್ನೇಹ ಕಷ್ಟಕಾಲಕ್ಕೆ ಒದಗಿ ಬಂತು. ರಂಗದವರಿಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ ಎಂದು ದೊಡ್ಡಪ್ಪ ಹೇಳುವುದನ್ನು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ಮುಖ್ಯವಾದದ್ದು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ಎಂದು ಅಲೆದು, ರೈಲಿನಲ್ಲಿ ಇಡೀ ರಷ್ಯಾ ದಾಟಿ, ವ್ಲಾಡಿವೊಸ್ಟಾಕ್‌ನಿಂದ ಹಡಗು ಹತ್ತಿ 1941ರಲ್ಲಿ ಕ್ಯಾಲಿಫೋರ್ನಿಯಾ ಸೇರಿದರು. ಹಾಲಿವುಡ್ ಪಕ್ಕದಲ್ಲೇ ಮನೆ. ವೈಗೆಲ್ ಆಗಲೇ ಜರ್ಮನಿಯಲ್ಲಿ ಹೆಸರು ಮಾಡಿದ ನಟಿ, 1932ರಲ್ಲಿ 'ಕೂಲೆ ವಾಂಪೆ' ಸಿನಿಮಾದಲ್ಲೂ ಹಾಡಿದವಳು. ಆದರೆ ಆಕೆಯ ಶಕ್ತಿಯೆಲ್ಲ ಇದ್ದದ್ದು ಜರ್ಮನ್ ಮಾತಿನಲ್ಲಿ. ಆರು ವರ್ಷ ಅಮೆರಿಕದಲ್ಲಿದ್ದು ಸಿನಿಮಾದಲ್ಲಿ ಸಿಕ್ಕಿದ್ದು ಒಂದೇ ಒಂದು ಸಣ್ಣ ಪಾತ್ರ, 1944ರ 'ದ ಸೆವೆಂತ್ ಕ್ರಾಸ್'ನಲ್ಲಿ. ಅದರಲ್ಲಿ ಆಕೆಗೆ ಮಾತೇ ಇಲ್ಲ! ಉಳಿದ ಕಾಲವೆಲ್ಲ ಅಡುಗೆ, ಹೊಲಿಗೆ, ಮನೆಗೆ ಬಂದವರ ಉಪಚಾರ. ಮೂವತ್ತೆರಡರಿಂದ ನಲವತ್ತೇಳರ ವಯಸ್ಸಿನವರೆಗೆ, ನಟಿಯೊಬ್ಬಳು ಹಣ್ಣಾಗುವ ಹೊತ್ತೆಲ್ಲ, ಪ್ಯಾರಿಸ್‌ನಲ್ಲೋ ಕೋಪನ್‌ಹೇಗನ್‌ನಲ್ಲೋ ತನ್ನಂತೆಯೇ ದೇಶ ಬಿಟ್ಟವರ ಜೊತೆ ಆಡಿದ ಕೆಲವು ಪ್ರಯೋಗಗಳನ್ನು ಬಿಟ್ಟರೆ ಆಕೆಗೆ ರಂಗವೇ ಇರಲಿಲ್ಲ. ಆಕೆಯನ್ನು ಹಾಗೆ ಓಡಿಸಿದ್ದು ಹಿಟ್ಲರ್. ನಮ್ಮ ಚಿನ್ನಿಯನ್ನು ನಾವೇ ಅಕ್ಷತೆ ಹಾಕಿ ಕನ್ನಡವಿಲ್ಲದ ಕಡೆ ಕಳಿಸಿ, ಬಾಯಿ ಮುಚ್ಚಿಕೊಂಡಿರು ಅನ್ನಬೇಕೇ ಅಪ್ಪಯ್ಯ? ನಾನು ಲ್ಯಾಬಿನವಳು. ನನ್ನ ಕೆಲಸ ಯಾವ ದೇಶದಲ್ಲಾದರೂ ಒಂದೇ. ಅವಳದ್ದು ಹಾಗಲ್ಲ. ಅವಳು ನಮ್ಮ ಊರಿನ ಅಜ್ಜಿಯ ಹಾಗೆ ಮಾತಾಡಿ ತೋರಿಸಿದರೆ ಇಡೀ ಜಗಲಿ ನಗುತ್ತಿತ್ತಲ್ಲ, ಅದು ಡಲ್ಲಾಸಿನಲ್ಲಿ ಯಾರಿಗೆ ತಿಳಿಯುತ್ತದೆ?

ವಯಸ್ಸು ಮೀರುತ್ತದೆ ಎಂದು ಅಮ್ಮ ಅಳುತ್ತಾಳಂತೆ. ವೈಗೆಲ್ ಯೂರೋಪಿಗೆ ಮರಳಿ, 1948ರ ಫೆಬ್ರವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಖೂರ್ ಎಂಬ ಸಣ್ಣ ಊರಿನಲ್ಲಿ ಆಂಟಿಗೊನೆಯಾಗಿ ಮತ್ತೆ ರಂಗ ಹತ್ತಿದಳು. 1949ರ ಜನವರಿ 11ರಂದು, ಬಾಂಬು ಬಿದ್ದು ಅರ್ಧ ಮಣ್ಣಾಗಿದ್ದ ಈ ಬರ್ಲಿನ್‌ನಲ್ಲಿ ಬ್ರೆಕ್ಟ್‌ನ 'ಮದರ್ ಕರೇಜ್' ಆಡಿದಳು. ಆಗ ಆಕೆಗೆ 48. ಜಗತ್ತು ಇವತ್ತಿಗೂ ನೆನೆಯುವುದು ಆ ಪಾತ್ರವನ್ನೇ. ನಮ್ಮ ಚಿನ್ನಿಗೆ ಇಪ್ಪತ್ತಮೂರು!

ಆ ನಾಟಕವನ್ನು ರಂಗದಲ್ಲಿದ್ದ ಹಾಗೆಯೇ 1961ರಲ್ಲಿ ಸಿನಿಮಾ ಮಾಡಿದ್ದಾರೆ. ಮನೆ ಒಡತಿ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಯುದ್ಧದಲ್ಲಿ ಸೈನ್ಯದ ಹಿಂದೆ ಗಾಡಿ ಎಳೆದುಕೊಂಡು ಸಾಮಾನು ಮಾರುವ ಹೆಂಗಸು, ಮೂವರು ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾಳೆ. ಎರಡನೇ ಮಗನನ್ನು ಬಿಡಿಸಲು ಲಂಚಕ್ಕೆ ಚೌಕಾಸಿ ಮಾಡುತ್ತಾ ಹೊತ್ತು ಕಳೆಯುತ್ತಾಳೆ. ಅಷ್ಟರಲ್ಲಿ ಅವನಿಗೆ ಗುಂಡು ಹೊಡೆಯುವ ಸದ್ದು. ವೈಗೆಲ್ ಕುಳಿತಲ್ಲೇ ಕುತ್ತಿಗೆ ಹಿಂದಕ್ಕೆ ಚೆಲ್ಲಿ ಬಾಯಿ ಅಗಲಿಸುತ್ತಾಳೆ. ಕೂಗು ಹೊರಡುವುದಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಭಂಗಿ ಎಲ್ಲಿಂದ ಬಂದಿರಬೇಕು ಎಂದು ಬ್ರೆಕ್ಟ್ ಬರೆದಿಟ್ಟಿದ್ದಾನೆ. ಸಿಂಗಪುರದ ಮೇಲೆ ಗುಂಡಿನ ಮಳೆಯಾದಾಗ ಸತ್ತ ಮಗನ ಹೆಣದ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ ಒಬ್ಬ ಭಾರತೀಯ ಹೆಂಗಸಿನ ಪತ್ರಿಕಾ ಚಿತ್ರದಿಂದ ಇರಬಹುದು, ವೈಗೆಲ್ ಅದನ್ನು ಹಿಂದೆಂದೋ ನೋಡಿರಬೇಕು, ಕೇಳಿದರೆ ಅವಳಿಗೇ ನೆನಪಿರಲಿಲ್ಲ ಎನ್ನುತ್ತಾನೆ. ಹೆಸರೂ ತಿಳಿಯದ ನಮ್ಮ ದೇಶದ ಒಬ್ಬ ತಾಯಿಯ ದುಃಖ ಬರ್ಲಿನ್‌ನ ರಂಗದ ಮೇಲೆ ಬಂದು ನಿಂತಿತು. ಇದನ್ನು ಕೆಲಸವಿಲ್ಲದವರ ಕುಣಿತ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಜಾಗ. ಕೊನೆಗೆ ಮಗಳೂ ಸಾಯುತ್ತಾಳೆ. ಮಣ್ಣು ಮಾಡಲು ರೈತರಿಗೆ ದುಡ್ಡು ಕೊಡಬೇಕು. ವೈಗೆಲ್ ಸೊಂಟದ ಚೀಲ ತೆಗೆದು ನಾಣ್ಯ ಎಣಿಸುತ್ತಾಳೆ, ಮತ್ತೆ ನೋಡಿ ಒಂದನ್ನು ವಾಪಸು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅಷ್ಟೇ. ಬೆರಳು ಹುಡುಕುವುದು, ಒಂದು ಕ್ಷಣ ತಡೆಯುವುದು, ನಾಣ್ಯ ಮರಳಿ ಒಳಗೆ ಹೋಗುವುದು. ಒಂದು ಮಾತಿಲ್ಲದೆ ಇಡೀ ಬಾಳು ಅದರಲ್ಲಿ ಬಂದುಬಿಡುತ್ತದೆ. ರಂಗದ ಮೇಲೆ ಹಿಡಿಯುವ ಚಮಚ, ಚೀಲ, ಬೋಗುಣಿಗಳನ್ನು ಆಕೆ ಹುಡುಕಿ ಆರಿಸುತ್ತಿದ್ದ ಬಗ್ಗೆ ಬ್ರೆಕ್ಟ್‌ನದ್ದೊಂದು ಪದ್ಯವೇ ಇದೆ. ಬೀಜಕ್ಕೆ ತೂಕದ ಕಾಳನ್ನೇ ಆರಿಸಿಡುವ ರೈತನನ್ನು ಅದರಲ್ಲಿ ನೆನೆದಿದ್ದಾನೆ. ನೀವು ಗೋಟಡಕೆ ಆರಿಸುವಾಗ ಪಕ್ಕದಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಳ್ಳುತ್ತಿದ್ದಿರಲ್ಲ, ಚಿನ್ನಿಗೆ ಆ ಶ್ರದ್ಧೆ ಬಂದದ್ದು ನಿಮ್ಮಿಂದಲೇ.

ಸಂಸಾರ ಹಾಳಾಗುತ್ತದೆ ಎಂಬ ನಿಮ್ಮ ಭಯಕ್ಕೆ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ವೈಗೆಲ್‌ಳ ಸಂಸಾರದಲ್ಲಿ ನೋವಿತ್ತು. ಬ್ರೆಕ್ಟ್‌ಗೆ ಬೇರೆ ಹೆಂಗಸರ ಸಂಗವಿತ್ತು, ಅದು ಊರಿಗೇ ಗೊತ್ತಿತ್ತು. ಅದು ಅವನ ಗುಣ, ರಂಗದ ದೋಷವಲ್ಲ. ಆಕೆ ಎರಡು ಮಕ್ಕಳನ್ನು ಬೆಳೆಸಿದಳು, ಅದರ ಜೊತೆಗೆ 1949ರಲ್ಲಿ ಬರ್ಲಿನರ್ ಎನ್ಸೆಂಬಲ್ ಎಂಬ ನಾಟಕ ಸಂಸ್ಥೆ ಶುರುವಾದಾಗಿನಿಂದ ಸಾಯುವವರೆಗೂ ಆ ಸಂಸ್ಥೆಯ ಮುಖ್ಯಸ್ಥೆಯಾಗಿ ನಡೆಸಿದಳು. ನಟರಿಗೆ ಮನೆ ಸಿಕ್ಕಿತೇ, ಊಟಕ್ಕೆ ಏನಿದೆ ಎಂಬುದನ್ನೂ ಆಕೆಯೇ ನೋಡುತ್ತಿದ್ದಳು. 1956ರ ಆಗಸ್ಟ್ 14ರಂದು ಗಂಡ ತೀರಿಕೊಂಡ. ಎರಡು ವಾರ ತುಂಬುವ ಮೊದಲೇ ಲಂಡನ್‌ನಲ್ಲಿ ಪ್ರದರ್ಶನ ಗೊತ್ತಾಗಿತ್ತು. ತಂಡ ಕಟ್ಟಿಕೊಂಡು ಹೋಗಿ ಆಡಿ ಬಂದಳು. 1971ರ ವಸಂತದಲ್ಲಿ ಪ್ಯಾರಿಸ್ ಹತ್ತಿರ 'ತಾಯಿ' ನಾಟಕ ಆಡಿ, ಮೇ 6ರಂದು ಬರ್ಲಿನ್‌ನಲ್ಲಿ ತೀರಿಕೊಂಡಳು.

ನೋಡಿ, ನೀನಾಸಂ ಹುಟ್ಟಿದ್ದೂ 1949ರಲ್ಲೇ! ಮನೆ ಒಡತಿ ಅಜ್ಜಿಗೆ ಹೇಳಿದೆ. ಮಳೆಯ ಸೀಮೆಯ ಒಂದು ಹಳ್ಳಿಯಲ್ಲಿ ಅಡಕೆ ತೋಟದವರು ಕಟ್ಟಿದ ಸಂಸ್ಥೆ, 1980ರಿಂದ ಅಲ್ಲೇ ನಾಟಕದ ಶಾಲೆ ಇದೆ, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು ಎಂದೆಲ್ಲ ಹೇಳಿದಾಗ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದಳು. ಊರ ಹೆಸರನ್ನು ಕಾಗದದಲ್ಲಿ ಬರೆಸಿಕೊಂಡಿದ್ದಾಳೆ. ಇದಕ್ಕೆ ಸಮನಾದದ್ದು ಮನೆಯಿಂದ ಬಸ್ಸು ಹತ್ತಿದರೆ ಸಿಗುವಾಗ ತಂಗಿಯನ್ನು ತಡೆಯುವುದೇಕೆ ಎಂದು ಅವಳು ಕೇಳಿದಳು. ನೀನಾಸಂ ತಿರುಗಾಟದ ನಾಟಕಕ್ಕೆ ನಮ್ಮನ್ನು ಮೊದಲು ಕರೆದುಕೊಂಡು ಹೋದವರು ನೀವೇ ಎಂದು ಹೇಳಿದೆ. ಮತ್ತೇನು ಹೇಳಲಿ?

ಇಲ್ಲಿನವರ ರೀತಿ ನಿಮಗೆ ಹಿಡಿಸುತ್ತದೆ. ನಾಟಕಕ್ಕೆ ಹೋದರೆ ಕೋಟನ್ನು ಹೊರಗೆ ಕೊಟ್ಟು ಚೀಟಿ ತೆಗೆದುಕೊಂಡೇ ಒಳಗೆ ಹೋಗಬೇಕು. ಮುಗಿದ ಮೇಲೆ ಚಪ್ಪಾಳೆ ನಿಲ್ಲುವುದೇ ಇಲ್ಲ, ನಟರು ಮತ್ತೆ ಮತ್ತೆ ಬಂದು ಬಾಗುತ್ತಾರೆ. ಬರ್ಲಿನರ್ ಎನ್ಸೆಂಬಲ್‌ನ ರಂಗಮಂದಿರದ ತಲೆಯ ಮೇಲೆ ಸಂಸ್ಥೆಯ ಹೆಸರಿನ ದುಂಡನೆ ಫಲಕ ರಾತ್ರಿ ತಿರುಗುತ್ತಿರುತ್ತದೆ. ಸರ್ಕಾರವೇ ರಂಗಕ್ಕೆ ಹಣ ಕೊಡುತ್ತದೆ, ನಟರಿಗೆ ತಿಂಗಳ ಸಂಬಳ. ನಮ್ಮಲ್ಲೂ ಮೈಸೂರಿನಲ್ಲಿ, ಶಿವಮೊಗ್ಗದಲ್ಲಿ ರಂಗಾಯಣ ಇದೆಯಲ್ಲ, ಪೂರ್ತಿ ಕೈಬಿಟ್ಟ ದಾರಿಯೇನೂ ಅಲ್ಲ. ವೈಗೆಲ್ ಸಮಾಧಿಗೂ ಹೋಗಿದ್ದೆ. ಸ್ಮಶಾನ ಎಂದು ಅಮ್ಮ ಗಾಬರಿಯಾಗುವುದು ಬೇಡ, ಇಲ್ಲಿ ಜನ ಅಲ್ಲಿ ಬೆಂಚಿನ ಮೇಲೆ ಕುಳಿತು ಪುಸ್ತಕ ಓದುತ್ತಾರೆ. ಗಂಡ ಹೆಂಡತಿ ಅಕ್ಕಪಕ್ಕ, ಬರೀ ಹೆಸರು ಕೆತ್ತಿದ ಕಲ್ಲು. ನೀವು ಪಾಠದಲ್ಲಿ ಹೇಳುತ್ತಿದ್ದ ತತ್ತ್ವಜ್ಞಾನಿ ಹೆಗೆಲ್‌ನ ಸಮಾಧಿಯೂ ಅದೇ ಅಂಗಳದಲ್ಲಿದೆ. ಬರುವ ಬೇಸಿಗೆಗೆ ನೀವೂ ಅಮ್ಮನೂ ಬಂದರೆ ತೋರಿಸುತ್ತೇನೆ.

ದುಡ್ಡಿನ ಯೋಚನೆ ಖಂಡಿತ ಬೇಡ. ಚಿನ್ನಿಯ ಫೀಸು, ಅಲ್ಲಿನ ಖರ್ಚು ಎಲ್ಲ ನನ್ನದು. ಸೊಸೈಟಿಯ ಸಾಲಕ್ಕೂ ನಾನು ಕಳಿಸುತ್ತೇನೆ, ಕೆಳಗಿನ ತೋಟದ ಮಾತು ಎತ್ತಬೇಡಿ. ನನಗೆ ಇಲ್ಲಿ ಏನೂ ಕೊರತೆಯಿಲ್ಲ. ಚಳಿ ಒಂದು ಚೂರೂ ತಟ್ಟುವುದಿಲ್ಲ, ಮನೆಯೆಲ್ಲ ಬೆಚ್ಚಗಿರುತ್ತದೆ, ಅನ್ನ ಸಾರು ದಿನಾ ಮಾಡಿಕೊಳ್ಳುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ, ತೂಕವೂ ಏರಿದೆ. ಚಿನ್ನಿಗೂ ಏನೂ ಆಗುವುದಿಲ್ಲ, ಒಂದೇ ವರ್ಷದ ಮಾತು, ಶನಿವಾರ ಬೇಕೆಂದರೆ ಮನೆಗೇ ಬರಬಹುದು. ಆಮೇಲೂ ಮದುವೆ ಆಗುತ್ತದೆ, ರಂಗ ಬೇಡ ಅನ್ನದ ಹುಡುಗ ಸಿಗುತ್ತಾನೆ, ನಾನೂ ಹುಡುಕುತ್ತೇನೆ. ನೀವು ಗಣಪಣ್ಣನಿಗೆ ಫೋನು ಮಾಡಿ ಈಗ ಆಗುವುದಿಲ್ಲ ಎಂದುಬಿಡಿ. ನಿಮಗೆ ಕಷ್ಟವಾದರೆ ನಾನೇ ಮಾಡುತ್ತೇನೆ.

ಇವತ್ತು ಇಲ್ಲಿ ಎಲ್ಲ ಬಂದ್, ಸ್ಟೇಷನ್ ಹತ್ತಿರ ಒಂದೇ ಅಂಚೆ ಡಬ್ಬಿಯಿಂದ ಭಾನುವಾರವೂ ಕಾಗದ ತೆಗೆಯುತ್ತಾರೆ, ಅದಕ್ಕೆ ಹೊತ್ತಾಯಿತು, ಓಡಬೇಕು. ಅಮ್ಮನಿಗೆ ಮಾವಿನಮಿಡಿ ಕಳಿಸಬೇಡ ಎನ್ನಿ, ಹೋದ ಸಲ ದಾರಿಯಲ್ಲೇ ಸೋರಿತ್ತು. ಅಜ್ಜಿಗೆ ನಮಸ್ಕಾರ. ಚಿನ್ನಿಗೆ ಬೇರೆ ಬರೆಯುತ್ತೇನೆ. ಊಟ ಮಾಡಿ, ಮಾತ್ರೆ ಬಿಡಬೇಡಿ, ಬುಧವಾರ ಫೋನು ಮಾಡುತ್ತೇನೆ, ಅವತ್ತಾದರೂ ಅಮ್ಮನ ಕೈಗೆ ಕೊಡದೆ ಮಾತಾಡಿ.

ನಿಮ್ಮ
ವಿದ್ಯಾ