ಮೇಷ್ಟ್ರನ್ನು ನೆನೆಯುವವರ ಪಟ್ಟಿಯಲ್ಲಿ ನೀನೂ ಇದ್ದೀಯೆ

ಪ್ರೀತಿಯ ಗೆಳೆಯ,

ನಮ್ಮ ಮೇಷ್ಟ್ರ ಜೊತೆ ಕೆಲಸ ಮಾಡಿದವರನ್ನು ಹುಡುಕಿ ಹೋಗಿ, ಮಾತಾಡಿಸಿ, ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿರುವುದು ನಿನಗೆ ತಿಳಿದೇ ಇದೆ. ಮೇಷ್ಟ್ರ ಕೈಕೆಳಗೆ ಓದಿದವರು ಎಲ್ಲೆಲ್ಲೋ ಇದ್ದಾರೆ, ಅವರ ಕಣ್ಣಿಗೂ ಬೀಳಲಿ ಎಂದು ಈ ಪತ್ರವನ್ನು ಎಲ್ಲರೆದುರು ಇಡುತ್ತಿದ್ದೇನೆ. ಆದರೆ ಬರೆಯುತ್ತಿರುವುದು ನಿನಗೆ.

ಇಂಥ ಕೆಲಸವನ್ನು ಹಿಂದಿನವರು ಹೇಗೆ ಮಾಡಿದ್ದಾರೆಂದು ತಿಳಿಯಲು, ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಅವರ ಮುಂದಾಳುತನದಲ್ಲಿ 1961ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ವಾಂಟಮ್ ಭೌತವಿಜ್ಞಾನದ ಇತಿಹಾಸದ ಯೋಜನೆಯ ಬಗ್ಗೆ ಓದತೊಡಗಿದೆ. ಅವರು ಹೊರಡುವ ಹೊತ್ತಿಗೆ, ಆ ವಿಜ್ಞಾನವನ್ನು ಕಟ್ಟಿದವರ ಪೈಕಿ ಐನ್‌ಸ್ಟೈನ್ ಇರಲಿಲ್ಲ, ಪೌಲಿ 1958ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು, ಶ್ರೋಡಿಂಗರ್ ಅದೇ 1961ರ ಜನವರಿಯಲ್ಲಿ ಹೋಗಿದ್ದರು. ನೀಲ್ಸ್ ಬೋರ್ ಸಿಕ್ಕಿದರು. 1962ರ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಮಾತುಕತೆ ಐದನೆಯ ಸಲ ನಡೆದದ್ದು ನವೆಂಬರ್ 17ರಂದು. ಮರುದಿನ ಬೋರ್ ಇಲ್ಲ. ಹೋದವರ ಬಗ್ಗೆ ಇನ್ನು ಕೇಳಬೇಕಾದದ್ದು ಅವರ ಕಾಗದಪತ್ರಗಳನ್ನು, ಇಲ್ಲವೇ ಉಳಿದ ಒಡನಾಡಿಗಳನ್ನು.

ಒಡನಾಡಿಗಳ ಬಾಯಲ್ಲಿ ಪೌಲಿ ಎಷ್ಟು ಸೊಗಸಾಗಿ ಉಳಿದಿದ್ದಾರೆ ನೋಡು. ಪೌಲಿ ಕಾಲಿಟ್ಟ ಕಡೆ ಉಪಕರಣಗಳು ಕೆಡುತ್ತವೆ ಎಂಬುದೊಂದು ಕತೆ. ಹ್ಯಾಂಬರ್ಗಿನಲ್ಲಿ ಭೌತವಿಜ್ಞಾನಿ ಆಟೋ ಸ್ಟರ್ನ್ ಪೌಲಿಯನ್ನು ತಮ್ಮ ಪ್ರಯೋಗಾಲಯದ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದು ಅದರ ಬೆನ್ನಿಗೇ ಬರುವ ಮತ್ತೊಂದು. ಅವರ ಹರಿತವಾದ ನಾಲಿಗೆಯ ಕತೆಗಳಂತೂ ಲೆಕ್ಕವಿಲ್ಲ. ಹೇಳಿ ಹೇಳಿ ನುಣುಪಾದ ಈ ಕತೆಗಳ ನಡುವೆ ನನ್ನನ್ನು ತಡೆದು ನಿಲ್ಲಿಸಿದವರು ರಾಲ್ಫ್ ಕ್ರೋನಿಗ್. 1925ರ ಜನವರಿಯಲ್ಲಿ, ಇನ್ನೂ ಇಪ್ಪತ್ತೊಂದು ತುಂಬದ ಈ ತರುಣ ಟ್ಯೂಬಿಂಗೆನ್‌ಗೆ ಹೋದಾಗ, ಅಲ್ಲಿದ್ದ ಭೌತವಿಜ್ಞಾನಿ ಲಾಂಡೆ ಅವರಿಗೆ ಪೌಲಿ ಬರೆದಿದ್ದ ಕಾಗದವನ್ನು ಓದಿ, ಎಲೆಕ್ಟ್ರಾನ್ ತನ್ನ ಸುತ್ತ ತಾನೇ ತಿರುಗುತ್ತಿರಬೇಕು ಎಂದು ಹೊಳೆದು ಲೆಕ್ಕ ಹಾಕಿದರು. ಅಲ್ಲಿಗೆ ಬಂದ ಪೌಲಿ ಅದನ್ನು ಕೇಳಿ, ಯೋಚನೆಯೇನೋ ಜಾಣತನದ್ದು, ಆದರೆ ಪ್ರಕೃತಿ ಹಾಗಿಲ್ಲ ಎಂಬ ಅರ್ಥದ ಮಾತಾಡಿದರು. ಕ್ರೋನಿಗ್ ಅದನ್ನು ಪ್ರಕಟಿಸಲಿಲ್ಲ. ಅದೇ ವರ್ಷದ ಕೊನೆಗೆ ಲೈಡನ್ನಿನ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದೇ ವಿಚಾರವನ್ನು ಬರೆದರು. ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಎತ್ತಿದ ಆಕ್ಷೇಪಕ್ಕೆ ಹೆದರಿ ಇಬ್ಬರೂ ಲೇಖನವನ್ನು ಹಿಂತೆಗೆದುಕೊಳ್ಳಲು ಹೊರಟರೆ, ಗುರು ಎರೆನ್‌ಫೆಸ್ಟ್ ಅದನ್ನು ಆಗಲೇ ಕಳಿಸಿಬಿಟ್ಟಿದ್ದರು. ನೀವಿನ್ನೂ ಚಿಕ್ಕವರು, ಒಂದು ಪೆದ್ದುತನ ಮಾಡಿದರೂ ನಡೆಯುತ್ತದೆ ಎಂದರಂತೆ. ಲೆಕ್ಕದ ಉತ್ತರ ಪ್ರಯೋಗದ ಅಳತೆಗಿಂತ ಎರಡು ಪಟ್ಟು ಬರುವ ತೊಡಕೊಂದು ನಿಜವಾಗಿಯೂ ಇತ್ತು. 1926ರಲ್ಲಿ ಎಲ್. ಎಚ್. ಥಾಮಸ್ ಎಂಬ ಭೌತವಿಜ್ಞಾನಿ ಅದನ್ನು ಬಿಡಿಸಿದ ಮೇಲೆ ಪೌಲಿಯೂ ಒಪ್ಪಿದರು. ಆದ್ದರಿಂದ ಪೌಲಿ ಕಾರಣವಿಲ್ಲದೆ ತಳ್ಳಿಹಾಕಿದರು ಎನ್ನಲಾರೆ. ಆದರೂ ಒಬ್ಬ ಗುರು ಲೇಖನವನ್ನು ಅಂಚೆಗೆ ಹಾಕಿದ, ಇನ್ನೊಬ್ಬ ಹಿರಿಯ ಒಂದು ಮಾತಿನಲ್ಲಿ ಮುಗಿಸಿದ ಎಂಬುದು ಉಳಿದೇ ಉಳಿಯುತ್ತದೆ.

ಇದೇ ಕ್ರೋನಿಗ್ 1928ರಲ್ಲಿ ಜ್ಯೂರಿಚ್‌ನಲ್ಲಿ ಪೌಲಿಯ ಸಹಾಯಕರಾದರು. ಪೌಲಿಯ ಸ್ಮರಣೆಗೆಂದು 1960ರಲ್ಲಿ ಬಂದ ಸಂಪುಟದಲ್ಲೇ ಈ ಪ್ರಸಂಗವನ್ನು ತಾವೇ ಬರೆದರು. ಗೌರವ ಸಲ್ಲಿಸುವ ಜಾಗದಲ್ಲೇ ಅದನ್ನು ಹೇಳಲು ಎಂಥ ಮನಸ್ಸು ಬೇಕು! ಅದನ್ನು ಓದಿದ ಮೇಲೆ ನಮ್ಮ ಧ್ವನಿಮುದ್ರಣಗಳನ್ನು ಮತ್ತೆ ಕೇಳಿದೆ.

ಅಲ್ಲಿ ಎಲ್ಲರೂ ಒಂದು ಸೆಮಿನಾರಿನ ಕತೆ ಹೇಳುತ್ತಾರೆ. ಯಾರೋ ಹುಡುಗ ಬೋರ್ಡಿನ ತುಂಬ ಬರೆದನಂತೆ, ಮೇಷ್ಟ್ರು ಹಿಂದಿನ ಸಾಲಿನಿಂದ ಎದ್ದು ಬಂದು, ಡಸ್ಟರ್ ತೆಗೆದುಕೊಂಡು, ಮೊದಲ ಸಾಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ, “ಇಷ್ಟೇ ತಾನೇ?” ಎಂದರಂತೆ. ಹೇಳಿದವರೆಲ್ಲ ನಕ್ಕಿದ್ದಾರೆ. ಒಬ್ಬರು ಮಾತ್ರ ನಗಲಿಲ್ಲ. ನಮಗೆ ಆಪ್ಟಿಕ್ಸ್ ಹೇಳಿಕೊಟ್ಟವರು, ಈಗ ಕಿವಿ ಮಂದ, ಕೈ ನಡುಗುತ್ತದೆ. ಕತೆ ಮುಗಿಸಿ, ಕಾಫಿ ಲೋಟವನ್ನು ತಟ್ಟೆಗಿಟ್ಟು, ನನ್ನ ರೆಕಾರ್ಡರನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, “ಆ ಹುಡುಗ ಆಮೇಲೆ ಏನಾದ?” ಎಂದು ನನ್ನನ್ನೇ ಕೇಳಿದರು. ಬ್ಯಾಂಕಿನಲ್ಲಿದ್ದಾನೆ ಸರ್, ಚೆನ್ನಾಗಿದ್ದಾನೆ ಎಂದೆ. ತಲೆಯಾಡಿಸಿ ಸುಮ್ಮನಾದರು.

ಮಾತಾಡಿಸಬೇಕಾದವರ ಪಟ್ಟಿಯಲ್ಲಿ ಮೊದಲಿನಿಂದಲೂ ನಿನ್ನ ಹೆಸರಿದೆ. ನಿನ್ನನ್ನು ಕೇಳಲು ನನಗೆ ಭಯ. ಮೇಷ್ಟ್ರು ನನಗೆ ತಮ್ಮ ಮನೆಯಲ್ಲಿ ಊಟ ಹಾಕಿದವರು, ಅಪ್ಪ ತೀರಿಕೊಂಡ ವರ್ಷ ಪರೀಕ್ಷೆಯ ಫೀಸು ಕಟ್ಟಿದವರು. ನೀನು ಬಾಯಿಬಿಟ್ಟು ಹೇಳಿದರೆ ಅವರು ನನ್ನೊಳಗೆ ಮೊದಲಿನಂತೆಯೇ ಉಳಿದಾರೆಯೇ ಎಂಬ ಆತಂಕ ಒಂದು ಕಡೆ. ಇನ್ನೊಂದು ಕಡೆ, ನೀನು ಬಿಟ್ಟುಹೋದ ಫೆಲೋಶಿಪ್ ನನಗೆ ಬಂತು. ನನ್ನ ಈವರೆಗಿನ ಬದುಕೆಲ್ಲ ಅದರ ಮೇಲೆ ನಿಂತಿದೆ, ಮತ್ತು ನಾವಿಬ್ಬರೂ ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ಇದನ್ನು ಇಲ್ಲಿ ಬರೆಯಬೇಕೆಂದಿರಲಿಲ್ಲ. ಬರೆದಾಯಿತು, ಇರಲಿ.

ಅವರನ್ನು ನಾನು ಈಗಲೂ ಪ್ರೀತಿಸುತ್ತೇನೆ. ಆದರೆ ನಕ್ಕವರ ಮಾತಷ್ಟೇ ಉಳಿದರೆ ಅದು ಅವರಿಗೂ ಮಾಡುವ ಅನ್ಯಾಯವೆಂದು ನನಗೆ ಖಂಡಿತವಾಗಿ ಅನ್ನಿಸುತ್ತಿದೆ.

ಸಾಕು, ಮಾತು ಬದಲಿಸುತ್ತೇನೆ. ನಮ್ಮ ಮಂಡ್ಯದ ಗೌಡ್‌ಸ್ಮಿಟ್ ಮುಂದಿನ ತಿಂಗಳು ಊರಿಗೆ ಬರುತ್ತಾನಂತೆ. ಅವನನ್ನೂ ಕರೆದುಕೊಂಡು ನಿನ್ನ ಮನೆಗೇ ಬರುತ್ತೇವೆ. ಅತ್ತಿಗೆಗೆ ಹೇಳಿಡು, ಅವನ ಎಲೆಗೆ ಎರಡನೆಯ ಸಲ ಹೋಳಿಗೆ ಬಡಿಸುವ ಮೊದಲು ಬಾಗಿಲು ಹಾಕಿರಬೇಕು, ಯಾಕೆಂದು ನಿನಗೆ ಗೊತ್ತು. ರೆಕಾರ್ಡರ್ ಚೀಲದಲ್ಲಿರುತ್ತದೆ. ತೆಗೆ ಎಂದು ನೀನು ಹೇಳಿದರೆ ಮಾತ್ರ ತೆಗೆಯುತ್ತೇನೆ.

ನಿನ್ನ,
ಹಾಸ್ಟೆಲಿನ ಪಕ್ಕದ ಮಂಚದವನು